ಡಿಗ್ರಿ ಆಯ್ತು, ಮುಂದೆ ಪಿಜಿನಾ, ಪಿಎಚ್‌ಡಿನಾ? ಸೀಟು, ಗೈಡ್, ದುಡ್ಡು ಎಲ್ಲವನ್ನೂ ಒಂದೊಂದಾಗಿ ನೋಡೋಣ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)



ಡಿಗ್ರಿಯ ಕೊನೆಯ ಸೆಮಿಸ್ಟರ್ ಬಂತು ಅಂದ್ರೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪಲ್ಲ. "ಇನ್ನೂ ಎಷ್ಟು ವರ್ಷ ಓದ್ತೀಯಾ?" ಅಪ್ಪ ಕೇಳದಿದ್ರೆ ಚಿಕ್ಕಪ್ಪ ಕೇಳ್ತಾರೆ. ಚಿಕ್ಕಪ್ಪ ಬಿಟ್ರೂ ಪಕ್ಕದ ಮನೆ ಆಂಟಿ ಬಿಡಲ್ಲ. ಈ ಪ್ರಶ್ನೆಯನ್ನ ನಾವು ಸಾಮಾನ್ಯವಾಗಿ ಬೇಜಾರು ಮಾಡ್ಕೊಂಡು ತಳ್ಳಿಹಾಕ್ತೀವಿ. ಆದ್ರೆ ನನ್ನ ಪ್ರಕಾರ ಅದು ನ್ಯಾಯವಾದ ಪ್ರಶ್ನೆ. ಎಷ್ಟು ವರ್ಷ ಬೇಕು, ಎಷ್ಟು ದುಡ್ಡು ಸಿಗುತ್ತೆ, ಕೊನೆಗೆ ಕೈಯಲ್ಲಿ ಏನು ಉಳಿಯುತ್ತೆ ಅನ್ನೋದಕ್ಕೆ ಉತ್ತರ ನಮ್ಮ ಹತ್ರನೂ ಇರಬೇಕಲ್ವಾ? ಇವತ್ತಿನ ಸಂಚಿಕೆಯಲ್ಲಿ ಆ ಉತ್ತರ ಹುಡುಕೋಣ. ಜೊತೆಗೆ, ಪ್ರತಿ ವಿಶ್ವವಿದ್ಯಾಲಯವೂ "ನಾವು ಸಂಶೋಧನೆಗೆ ಒತ್ತು ಕೊಡ್ತೀವಿ" ಅಂತ ಹೇಳುತ್ತೆ. ಆ ಒತ್ತು ಅಂದ್ರೆ ನಿಜವಾಗಿ ಏನು ಅಂತಲೂ ನೋಡೋಣ.

200 ಜನರಲ್ಲಿ ಒಬ್ಬರು

ಮೊದಲು ಒಂದು ಲೆಕ್ಕ. ಕೇಂದ್ರ ಶಿಕ್ಷಣ ಸಚಿವಾಲಯ ಉನ್ನತ ಶಿಕ್ಷಣದ ಬಗ್ಗೆ ಒಂದು ಸಮೀಕ್ಷೆ ಮಾಡುತ್ತೆ, ಐಷೆ ಅಂತ ಕರೀತಾರೆ. 2021-22ರ ಸಮೀಕ್ಷೆ ಪ್ರಕಾರ ದೇಶದಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದ್ತಿದ್ದವರು ಸುಮಾರು 4.33 ಕೋಟಿ. ಅದರಲ್ಲಿ ಪಿಎಚ್‌ಡಿ ಮಾಡ್ತಿದ್ದವರು ಸುಮಾರು 2.13 ಲಕ್ಷ. ಭಾಗಿಸಿ ನೋಡಿ, ಹೆಚ್ಚುಕಡಿಮೆ 200 ವಿದ್ಯಾರ್ಥಿಗಳಿಗೆ ಒಬ್ಬರು. 2014-15ರಲ್ಲಿ ಈ ಸಂಖ್ಯೆ 1.17 ಲಕ್ಷ ಇತ್ತು. ಅಂದ್ರೆ ಏರ್ತಾ ಇದೆ, ನಿಜ. ಆದ್ರೆ ದೊಡ್ಡ ಚಿತ್ರದಲ್ಲಿ ಇದು ಈಗಲೂ ತುಂಬಾ ಸಣ್ಣ ಗುಂಪು.

ಇನ್ನೊಂದು ಲೆಕ್ಕ. ನಮ್ಮ ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡೋದು ಜಿಡಿಪಿಯ ಶೇ 0.64ರಷ್ಟು. ನೂರು ರೂಪಾಯಿಯಲ್ಲಿ 64 ಪೈಸೆ! ಈ ಎರಡು ಲೆಕ್ಕವನ್ನ ತಲೆಯಲ್ಲಿಟ್ಕೊಳ್ಳಿ. ಸೀಟು ಯಾಕೆ ಕಡಿಮೆ, ಫೆಲೋಶಿಪ್‌ಗೆ ಯಾಕೆ ಇಷ್ಟು ಪೈಪೋಟಿ ಅನ್ನೋದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ.

ಪಿಜಿ ಬೇರೆ, ಸಂಶೋಧನೆ ಬೇರೆ

ಎಂಎ, ಎಂಎಸ್ಸಿ, ಎಂಕಾಂ ಅಂದ್ರೆ ಡಿಗ್ರಿಯ ಮುಂದುವರಿದ ಭಾಗ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಅದೇ ತರಗತಿ, ಅದೇ ನೋಟ್ಸು, ಅದೇ ಪರೀಕ್ಷೆ. ಹಾಗೆ ಮುಗಿಸೋಕೂ ಆಗುತ್ತೆ. ಆದ್ರೆ ಪಿಜಿಯಲ್ಲಿ ಒಂದು ಜಾಗ ಇದೆ, ಅಲ್ಲಿ ದಾರಿ ತಿರುಗುತ್ತೆ. ಅದೇ ಪ್ರಾಜೆಕ್ಟ್ ಅಥವಾ ಕಿರುಪ್ರಬಂಧ. ಅಲ್ಲಿಯವರೆಗೂ ನೀವು ಬೇರೆಯವರು ಕಂಡುಕೊಂಡ ಉತ್ತರವನ್ನ ಓದ್ತಿದ್ರಿ. ಅಲ್ಲಿಂದ ಮುಂದೆ ಉತ್ತರ ಇನ್ನೂ ಇಲ್ಲದ ಪ್ರಶ್ನೆಯನ್ನ ನೀವೇ ಕೇಳಬೇಕು.

ಸಂಶೋಧನೆ ಅಂದ ತಕ್ಷಣ ಲ್ಯಾಬು, ಬಿಳಿ ಕೋಟು ಅಷ್ಟೇ ಕಣ್ಮುಂದೆ ಬರಬೇಕಾಗಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಅಂದ್ರೆ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಓಲೆಗರಿಗಳ ನಡುವೆ ಒಂದು ಹಸ್ತಪ್ರತಿಯನ್ನ ಗುರುತಿಸಿದ್ರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದನ್ನ ಪ್ರಕಟಿಸಿದ್ರು. ಹೆಸರು ಮಾತ್ರ ಕೇಳಿಬರ್ತಿದ್ದ ಒಂದು ಗ್ರಂಥ ಮತ್ತೆ ಓದುಗರ ಕೈಗೆ ಬಂದಿದ್ದು ಹಾಗೆ. ಬೇಕಾಗಿದ್ದು ಲಿಪಿಜ್ಞಾನ, ತಾಳ್ಮೆ, ಮತ್ತು "ಇದೇನಿದು?" ಅನ್ನೋ ಕುತೂಹಲ.

ಇನ್ನೊಂದು ಉದಾಹರಣೆ ನಿಮ್ಮ ಊಟದ ತಟ್ಟೆಯದ್ದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅನ್ನೋ ವಿಜ್ಞಾನಿ ನಮ್ಮ ದೇಶದ ರಾಗಿ ತಳಿಗಳನ್ನ ಆಫ್ರಿಕಾದ ತಳಿಗಳ ಜೊತೆ ಸಂಕರ ಮಾಡಿದ್ರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ 'ಇಂಡಾಫ್' ಅಂತ ಹೆಸರು ಬಂತು. ಜನ ಅವರನ್ನ ಕರೆದಿದ್ದೇ ರಾಗಿ ಲಕ್ಷ್ಮಣಯ್ಯ ಅಂತ. ರಾಗಿ ಹೂ ಎಷ್ಟು ಸಣ್ಣದು ಗೊತ್ತಲ್ವಾ? ಅದರಲ್ಲಿ ಕೈಯಾರೆ ಪರಾಗಸ್ಪರ್ಶ ಮಾಡಿಸೋದು ಅಂದ್ರೆ ಎಷ್ಟು ಸೂಕ್ಷ್ಮ ಕೆಲಸ ಅಂತ ಊಹಿಸ್ಕೊಳ್ಳಿ. ಇದೂ ಸಂಶೋಧನೆಯೇ.

ಯಾರು ಅರ್ಹರು?

ಈಗ ನಿಯಮಕ್ಕೆ ಬರೋಣ. ದೇಶದಲ್ಲಿ ಪಿಎಚ್‌ಡಿ ಹೇಗೆ ನಡೀಬೇಕು ಅನ್ನೋದಕ್ಕೆ ಯುಜಿಸಿ 2022ರ ನವೆಂಬರ್‌ನಲ್ಲಿ ಹೊಸ ನಿಯಮಾವಳಿ ತಂತು. ಅದರ ಪ್ರಕಾರ ಎರಡು ವರ್ಷದ ಪಿಜಿಯಲ್ಲಿ ಶೇ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರಷ್ಟು ರಿಯಾಯಿತಿ ಇದೆ. ಇನ್ನೊಂದು ದಾರಿ: ನಾಲ್ಕು ವರ್ಷದ ಡಿಗ್ರಿ ಮಾಡಿ ಶೇ 75 ಪಡೆದವರು ಪಿಜಿ ಇಲ್ಲದೇನೇ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಎಂಫಿಲ್ ಈಗ ಇಲ್ಲ, ಅದನ್ನ ಈ ನಿಯಮಾವಳಿ ನಿಲ್ಲಿಸಿಬಿಡ್ತು.

ಇಲ್ಲಿ ಕರ್ನಾಟಕದವರು ಒಂದು ಅಂಶ ಗಮನಿಸಬೇಕು. ನಮ್ಮಲ್ಲಿ 2021-22ರಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯ್ತು. ಆಮೇಲೆ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ನೋಡಿ, 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು. ಹಾಗಾಗಿ 2024ರಲ್ಲಿ ಅಥವಾ ಆಮೇಲೆ ಇಲ್ಲಿ ಮೂರು ವರ್ಷದ ಬಿಎ, ಬಿಎಸ್ಸಿ, ಬಿಕಾಂ ಸೇರಿದವರಿಗೆ ಪಿಎಚ್‌ಡಿ ದಾರಿ ಪಿಜಿ ಮೂಲಕವೇ. "ಬೇರೆ ರಾಜ್ಯದ ಫ್ರೆಂಡು ನೇರ ಹೋದ, ನಾನೂ ಹೋಗ್ತೀನಿ" ಅಂತ ಪ್ಲಾನ್ ಮಾಡ್ಬೇಡಿ. ನಿಮ್ಮ ಡಿಗ್ರಿ ಎಷ್ಟು ವರ್ಷದ್ದು ಅಂತ ಮೊದಲು ನೋಡ್ಕೊಳ್ಳಿ.

ಎಷ್ಟು ವರ್ಷ ಅಂತ ಕೇಳಿದ್ರಲ್ಲ ಚಿಕ್ಕಪ್ಪ? ಅವರಿಗೆ ಉತ್ತರ ಇದು: ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದ್ರೆ ಇನ್ನೂ 2 ವರ್ಷ ಸಿಗಬಹುದು, ಒಟ್ಟು 8 ಮೀರೋ ಹಾಗಿಲ್ಲ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರಿಗೆ ಆ ಮಿತಿ 10 ವರ್ಷ.

ಒಳಗೆ ಹೋಗೋ ಬಾಗಿಲುಗಳು

ಬಾಗಿಲು ಒಂದೇ ಅಲ್ಲ, ಹಲವು ಇವೆ. ಗೊಂದಲ ಆಗೋದೂ ಅದಕ್ಕೇ.

ಮೊದಲನೆಯದು ಯುಜಿಸಿ ನೆಟ್. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿ ಅಂತ ನಡೆಯುತ್ತೆ. 2024ರ ಜೂನ್ ಆವೃತ್ತಿಯಿಂದ ಇದರಲ್ಲಿ ಮೂರು ಫಲಿತಾಂಶ ಬರುತ್ತೆ. ಮೇಲಿನ ಹಂತದವರಿಗೆ ಜೆಆರ್‌ಎಫ್, ಅಂದ್ರೆ ಫೆಲೋಶಿಪ್ ಜೊತೆ ಪಿಎಚ್‌ಡಿ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಅರ್ಹತೆ. ಎರಡನೇ ಹಂತದವರಿಗೆ ಫೆಲೋಶಿಪ್ ಇಲ್ಲ, ಉಳಿದ ಎರಡೂ ಇದೆ. ಮೂರನೇ ಹಂತದವರಿಗೆ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ. ಎರಡು ಮತ್ತು ಮೂರನೇ ಹಂತದವರಿಗೆ ಪ್ರವೇಶದ ವೇಳೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅಂಕ ಪಿಎಚ್‌ಡಿ ಪ್ರವೇಶಕ್ಕೆ ನಡೆಯೋದು ಒಂದೇ ವರ್ಷ. ಮರೀಬೇಡಿ.

ಎರಡನೆಯದು, ವಿಶ್ವವಿದ್ಯಾಲಯಗಳ ಸ್ವಂತ ಪ್ರವೇಶ ಪರೀಕ್ಷೆ. 2022ರ ನಿಯಮ ಇದಕ್ಕೂ ಅವಕಾಶ ಕೊಟ್ಟಿದೆ. ಪ್ರಶ್ನೆಪತ್ರಿಕೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ.

ವಿಜ್ಞಾನದವರಿಗೆ ಸಿಎಸ್‌ಐಆರ್ ನೆಟ್ ಇದೆ. ಎಂಜಿನಿಯರಿಂಗ್‌ನವರಿಗೆ ಗೇಟ್ ಇದೆ, ಅದರ ಅಂಕ 3 ವರ್ಷ ಚಾಲ್ತಿಯಲ್ಲಿರುತ್ತೆ. ಬಿಎಸ್ಸಿ ಮಾಡ್ತಿರೋರು ಜ್ಯಾಮ್ ಪರೀಕ್ಷೆ ಬಗ್ಗೆ ಈಗಲೇ ತಿಳ್ಕೊಳ್ಳಿ. ಐಐಟಿಗಳ ಎಂಎಸ್ಸಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅದೇ ಬಾಗಿಲು.

ಇನ್ನು ಕೆ-ಸೆಟ್. ಇದನ್ನ ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತೆ. ಪಾಸಾದ್ರೆ ನಮ್ಮ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕೋ ಅರ್ಹತೆ ಸಿಗುತ್ತೆ. ಆದ್ರೆ ಫೆಲೋಶಿಪ್ ಬರಲ್ಲ.

ದುಡ್ಡಿನ ಮಾತು

ಈಗ ಮನೆಯವರು ನಿಜವಾಗಿ ಕೇಳ್ತಿರೋ ವಿಷಯಕ್ಕೆ ಬರೋಣ. ಜೆಆರ್‌ಎಫ್ ಸಿಕ್ಕಿದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಎಸ್‌ಆರ್‌ಎಫ್ ಆದಾಗ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಇದರ ಮೇಲೆ ಊರಿಗೆ ತಕ್ಕಂತೆ ಮನೆ ಬಾಡಿಗೆ ಭತ್ಯೆ ಇದೆ. ಒಟ್ಟು 5 ವರ್ಷದವರೆಗೆ ಸಿಗುತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟೋ ಪದವೀಧರರ ಸಂಬಳಕ್ಕಿಂತ ಇದು ಕಡಿಮೆ ಏನಲ್ಲ. ಇಷ್ಟನ್ನ ಮನೆಯಲ್ಲಿ ಹೇಳಿದ್ರೆ ಚರ್ಚೆಯ ಧಾಟಿಯೇ ಬದಲಾಗುತ್ತೆ.

ಆದ್ರೆ ಎಲ್ಲರಿಗೂ ಇದು ಸಿಗಲ್ಲ. ಜೆಆರ್‌ಎಫ್‌ಗೆ ಸಾಮಾನ್ಯ ವರ್ಗಕ್ಕೆ 30 ವರ್ಷ ವಯೋಮಿತಿ ಇದೆ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 5 ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ, ಉದಾಹರಣೆಗೆ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರೋ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ, ನಾನ್-ನೆಟ್ ಫೆಲೋಶಿಪ್ ಇದೆ. ಅದು ತಿಂಗಳಿಗೆ 8,000 ರೂಪಾಯಿ. 37,000 ಎಲ್ಲಿ, 8,000 ಎಲ್ಲಿ! ಒಂದೇ ವಿಭಾಗದಲ್ಲಿ, ಒಂದೇ ಕೆಲಸ ಮಾಡೋ ಇಬ್ಬರ ನಡುವೆ ಇಷ್ಟು ಅಂತರ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಪ್ರಕಟಣೆಗಳ ಮೇಲೂ ಕಣ್ಣಿಟ್ಟಿರಿ.

ಒಂದು ಮಾತು ನೇರವಾಗಿ ಹೇಳ್ತೀನಿ. ಫೆಲೋಶಿಪ್ ಮಂಜೂರಾಯ್ತು ಅಂದ್ರೆ ಒಂದನೇ ತಾರೀಕಿಗೆ ಅಕೌಂಟಿಗೆ ಬಂದೇಬಿಡುತ್ತೆ ಅಂತಲ್ಲ. ಎಷ್ಟೋ ಕಡೆ ತಿಂಗಳುಗಟ್ಟಲೆ ತಡವಾಗುತ್ತೆ. ಸೇರೋ ಮೊದಲು ಅಲ್ಲಿರೋ ಹಿರಿಯ ವಿದ್ಯಾರ್ಥಿಗಳನ್ನ ಕೇಳಿ: "ಅಣ್ಣಾ, ಅಕ್ಕಾ, ಕೊನೇ ಕಂತು ಯಾವಾಗ ಬಂತು?" ಯಾವ ಪ್ರಾಸ್ಪೆಕ್ಟಸ್ ಕೂಡ ಹೇಳದ ಸತ್ಯ ಅವರು ಹೇಳ್ತಾರೆ.

ಸೀಟು ಯಾಕೆ ಇಷ್ಟು ಕಡಿಮೆ?

ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಲೆಕ್ಕ. ಪಿಎಚ್‌ಡಿ ಸೀಟು ಅಂದ್ರೆ ಕ್ಲಾಸ್‌ರೂಮಿನ ಬೆಂಚು ಅಲ್ಲ. ಗೈಡ್ ಇದ್ರೆ ಸೀಟು, ಗೈಡ್ ಇಲ್ಲ ಅಂದ್ರೆ ಸೀಟಿಲ್ಲ. ಯುಜಿಸಿ ನಿಯಮದಂತೆ ಒಬ್ಬ ಪ್ರಾಧ್ಯಾಪಕರ ಬಳಿ ಏಕಕಾಲಕ್ಕೆ 8 ಜನ, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಜನ ಮಾತ್ರ ಸಂಶೋಧನೆ ಮಾಡಬಹುದು. ಗೈಡ್ ಆಗೋರು ಕಾಯಂ ಅಧ್ಯಾಪಕರಾಗಿರಬೇಕು, ಪಿಎಚ್‌ಡಿ ಆಗಿರಬೇಕು, ನಿಗದಿತ ಸಂಖ್ಯೆಯ ಸಂಶೋಧನಾ ಲೇಖನ ಪ್ರಕಟಿಸಿರಬೇಕು.

ಈಗ ಒಂದು ವಿಭಾಗ ಊಹಿಸ್ಕೊಳ್ಳಿ. ಒಬ್ಬರು ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರು. 8, 12, 16 ಸೇರಿಸಿದ್ರೆ 36 ಸೀಟು. ಪ್ರಾಧ್ಯಾಪಕರು ನಿವೃತ್ತರಾದ್ರು, ಒಬ್ಬ ಸಹ ಪ್ರಾಧ್ಯಾಪಕರೂ ಹೋದ್ರು, ಸಹಾಯಕ ಪ್ರಾಧ್ಯಾಪಕರ ಮೂರು ಹುದ್ದೆ ಖಾಲಿ ಬಿದ್ದು ಅತಿಥಿ ಉಪನ್ಯಾಸಕರು ಪಾಠ ಮಾಡ್ತಿದ್ದಾರೆ ಅಂದ್ಕೊಳ್ಳಿ. ಪಾಠ ನಿಲ್ಲಲ್ಲ. ಹೊರಗಿಂದ ನೋಡಿದ್ರೆ ವಿಭಾಗ ಸರಿಯಾಗೇ ನಡೀತಿದೆ. ಆದ್ರೆ ಸಂಶೋಧನೆಯ ಸೀಟು 36ರಿಂದ 10ಕ್ಕೆ ಇಳಿದಿದೆ! ಯಾಕಂದ್ರೆ ಅತಿಥಿ ಉಪನ್ಯಾಸಕರು ಎಷ್ಟೇ ಓದಿರಲಿ, ಅವರದ್ದೇ ಪಿಎಚ್‌ಡಿ ಆಗಿರಲಿ, ಗೈಡ್ ಆಗೋಕೆ ನಿಯಮದಲ್ಲಿ ಜಾಗ ಇಲ್ಲ.

ಹುದ್ದೆ ಭರ್ತಿ ಅನ್ನೋದು ಬರೀ ಅಧ್ಯಾಪಕರ ಉದ್ಯೋಗದ ಸಮಸ್ಯೆ ಅಂದ್ಕೊಂಡಿದ್ರೆ, ಅದು ನಿಮ್ಮ ಸೀಟಿನ ಸಮಸ್ಯೆಯೂ ಹೌದು. ನಮ್ಮ ರಾಜ್ಯದ ಹಳೇ ವಿಶ್ವವಿದ್ಯಾಲಯಗಳು ಸಣ್ಣವಲ್ಲ. ಮೈಸೂರು ವಿಶ್ವವಿದ್ಯಾಲಯ 1916ರದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು. ಬೆಂಗಳೂರು 1964, ಮಂಗಳೂರು ಮತ್ತು ಗುಲ್ಬರ್ಗ 1980, ಕುವೆಂಪು 1987. ಸಂಶೋಧನೆಯನ್ನೇ ಮುಖ್ಯ ಕೆಲಸ ಅಂತಿಟ್ಕೊಂಡು ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾಗಿದ್ದು 1991ರಲ್ಲಿ. ಕಟ್ಟಡ, ಗ್ರಂಥಾಲಯ, ಹೆಸರು ಎಲ್ಲ ಇದೆ. ಕುರ್ಚಿಯಲ್ಲಿ ಕೂರೋ ಕಾಯಂ ಅಧ್ಯಾಪಕರಿದ್ರೆ ಮಾತ್ರ ಅದೆಲ್ಲ ಹೊಸ ಸಂಶೋಧಕರ ಉಪಯೋಗಕ್ಕೆ ಬರುತ್ತೆ.

ಗೈಡ್ ಹುಡುಕೋದು ಹೇಗೆ?

ನಾವು ಕಾಲೇಜು ಹುಡುಕೋ ಹಾಗೆ ಪಿಎಚ್‌ಡಿಗೂ ವಿಶ್ವವಿದ್ಯಾಲಯದ ಹೆಸರು ನೋಡಿ ಹೋಗ್ತೀವಿ. ಐದಾರು ವರ್ಷ ನೀವು ಕೆಲಸ ಮಾಡೋದು ಒಬ್ಬ ವ್ಯಕ್ತಿ ಜೊತೆ. ಹಾಗಾಗಿ ಮೊದಲು ಗೈಡ್, ಆಮೇಲೆ ವಿಶ್ವವಿದ್ಯಾಲಯ.

ಮೂರು ವಿಷಯ ವಿಚಾರಿಸಿ. ಒಂದು, ಅವರು ಇತ್ತೀಚೆಗೆ ಏನು ಬರೆದಿದ್ದಾರೆ? ಅದು ನಿಮ್ಮ ಆಸಕ್ತಿಗೆ ಹತ್ತಿರ ಇದೆಯಾ? ಎರಡು, ಅವರ ಹತ್ರ ಸೇರಿದವರು ಎಷ್ಟು ವರ್ಷಕ್ಕೆ ಮುಗಿಸಿದ್ದಾರೆ? ಎಷ್ಟು ಜನ ನಡುವೆ ಬಿಟ್ಟು ಹೋಗಿದ್ದಾರೆ? ಮೂರು, ಅವರ ನಿವೃತ್ತಿ ಯಾವಾಗ? ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರೋ ಅಧ್ಯಾಪಕರಿಗೆ ಹೊಸ ವಿದ್ಯಾರ್ಥಿ ಕೊಡೋ ಹಾಗಿಲ್ಲ ಅಂತ ನಿಯಮ ಇದೆ. ಆದ್ರೂ ನಾಲ್ಕು ವರ್ಷ ಬಾಕಿ ಇರೋರ ಹತ್ರ ಸೇರಿದ್ರೆ ನಿಮ್ಮ ಪ್ರಬಂಧ ಮುಗಿಯೋ ಹೊತ್ತಿಗೆ ಅವರು ಮನೆಯಲ್ಲಿರಬಹುದು.

ಗೈಡ್ ಒಬ್ಬರೇ ಎಲ್ಲ ಅಲ್ಲ ಅನ್ನೋದೂ ನೆನಪಿರಲಿ. ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರ್‌ಗೂ ಅದರ ಮುಂದೆ ನೀವು ಪ್ರಗತಿ ಹೇಳಬೇಕು. ಗೈಡ್ ಜೊತೆ ಮಾತು ನಿಂತುಹೋದ ಸಂದರ್ಭದಲ್ಲಿ ನಿಮಗೆ ಆಸರೆ ಆ ಸಮಿತಿಯೇ. ಅದು ಕಾಗದದ ಮೇಲೆ ಮಾತ್ರ ಇದೆಯಾ, ನಿಜವಾಗಿ ಸೇರುತ್ತಾ ಅಂತ ಮೊದಲೇ ಕೇಳ್ಕೊಳ್ಳಿ. ಗೈಡ್ ಮನೆಗೆ ತರಕಾರಿ ತಂದುಕೊಡೋದು, ಅವರ ಮಕ್ಕಳನ್ನ ಸ್ಕೂಲಿಗೆ ಬಿಡೋದು ಇವೆಲ್ಲ ಸಂಶೋಧನೆಯ ಭಾಗ ಅಲ್ಲ. "ಗುರುಸೇವೆ" ಅಂತ ಯಾರಾದ್ರೂ ಅಂದ್ರೂ ಅಲ್ಲ.

ವಿಷಯ ದೊಡ್ಡದಾದಷ್ಟೂ ಪ್ರಬಂಧ ತೆಳು

"ನಿನ್ನ ಟಾಪಿಕ್ ಏನು?" ಅಂದ್ರೆ "ರೈತರ ಸಮಸ್ಯೆಗಳು" ಅಂತಾರೆ. ಅದರ ಮೇಲೆ ಯಾರೂ ಪ್ರಬಂಧ ಬರೆಯೋಕಾಗಲ್ಲ, ಭಾಷಣ ಮಾಡಬಹುದು ಅಷ್ಟೇ. ಅದನ್ನೇ ಕಿರಿದು ಮಾಡೋಣ. ಕೋಲಾರದ ಟೊಮೆಟೊ ಬೆಳೆಗಾರರು. ಇನ್ನೂ ಕಿರಿದು: ಬೆಲೆ ಬಿದ್ದ ವರ್ಷ ಮುಂದಿನ ಬೆಳೆಗೆ ಅವರು ಸಾಲ ಯಾರ ಹತ್ರ ತಗೊಳ್ತಾರೆ? ಮಂಡಿಯವರ ಹತ್ರನಾ, ಸಹಕಾರ ಸಂಘದಲ್ಲಾ, ಚಿನ್ನ ಅಡ ಇಟ್ಟಾ? ಮಂಡಿಯವರ ಹತ್ರ ತಗೊಂಡ್ರೆ ಬೆಳೆಯನ್ನ ಬೇರೆ ಕಡೆ ಮಾರೋ ಸ್ವಾತಂತ್ರ್ಯ ಉಳಿಯುತ್ತಾ? ನೋಡಿ, ಈಗ ಇದು ಹೋಗಿ ಕೇಳಬಹುದಾದ, ಎಣಿಸಬಹುದಾದ, ಹೌದೋ ಅಲ್ವೋ ಅಂತ ಹೇಳಬಹುದಾದ ಪ್ರಶ್ನೆ ಆಯ್ತು.

ಇನ್ನೊಂದು ಭಯ: "ನಂಗೆ ಇಂಗ್ಲಿಷ್ ಬರಲ್ಲ." ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಜಾಣ ಹುಡುಗ ಹುಡುಗಿಯರು ಇದೊಂದೇ ಕಾರಣಕ್ಕೆ ಹಿಂದೆ ಸರೀತಾರೆ. ಕನ್ನಡದಲ್ಲೇ ನಡೆದ ಸಂಶೋಧನೆಯ ದೊಡ್ಡ ಪರಂಪರೆ ನಮ್ಮಲ್ಲಿದೆ. ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಪಿಎಚ್‌ಡಿ ಪ್ರಬಂಧವೇ. ಎಂ.ಎಂ. ಕಲಬುರ್ಗಿ ಅವರ 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ' ಕೂಡ. ಕನ್ನಡದಲ್ಲಿ ಬರೆಯೋಣ. ಜೊತೆಗೆ ಓದೋಕೆ ಇಂಗ್ಲಿಷ್ ನಿಧಾನವಾಗಿ ಕಲಿಯೋಣ. ಎರಡಕ್ಕೂ ಜಗಳ ಇಲ್ಲ.

ಹೆಣ್ಣುಮಕ್ಕಳಿಗೆ ಗೊತ್ತಿರಬೇಕಾದ ನಿಯಮಗಳು

1933ರಲ್ಲಿ ಕಮಲಾ ಅನ್ನೋ ಹುಡುಗಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ್ಲು. ಹೆಣ್ಣು ಅನ್ನೋ ಕಾರಣಕ್ಕೆ ಆಗಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬೇಡ ಅಂದ್ರು. ಆಕೆ ಜಗ್ಗಲಿಲ್ಲ, ಪಟ್ಟುಹಿಡಿದ್ಲು. ಕೊನೆಗೆ ಷರತ್ತುಗಳ ಮೇಲೆ ಸೇರಿಸ್ಕೊಂಡ್ರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದ್ಲು. ಕಮಲಾ ಸೊಹೊನಿ ಅಂತ ಮುಂದೆ ಹೆಸರಾದ ಜೀವರಸಾಯನ ವಿಜ್ಞಾನಿ ಅವರೇ.

2021-22ರಲ್ಲಿ ದೇಶದ ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಸುಮಾರು 99 ಸಾವಿರ ಮಹಿಳೆಯರಿದ್ರು, ಅರ್ಧಕ್ಕೆ ಹತ್ತಿರ. ಸೇರೋದು ಹೆಚ್ಚಾಗಿದೆ. ನಡುವೆ ಮದುವೆ, ಮಗು ಅಂತ ಬಿಟ್ಟುಹೋಗೋ ಅಪಾಯ ಮಾತ್ರ ಇದ್ದೇ ಇದೆ. ಅದಕ್ಕೇ ಈ ಎರಡು ನಿಯಮ ಬಾಯಿಪಾಠ ಮಾಡ್ಕೊಳ್ಳಿ. ಪಿಎಚ್‌ಡಿ ಅವಧಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನದವರೆಗೆ ರಜೆ ಸಿಗುತ್ತೆ. ಮದುವೆಯಾಗಿಯೋ ಬೇರೆ ಕಾರಣಕ್ಕೋ ಊರು ಬದಲಾಯಿಸಬೇಕಾದ್ರೆ, ಷರತ್ತುಗಳಿಗೆ ಒಳಪಟ್ಟು ನಿಮ್ಮ ಸಂಶೋಧನೆಯನ್ನ ಆ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸ್ಕೊಳ್ಳೋ ಅವಕಾಶ ಇದೆ. "ಮದುವೆ ಆಯ್ತಲ್ಲಮ್ಮ, ಇನ್ನು ಬಿಟ್ಬಿಡು" ಅಂದವರಿಗೆ ಈ ನಿಯಮ ತೋರಿಸಿ.

ಮೋಸ ಹೋಗ್ಬೇಡಿ

ಫೋನ್ ತೆರೆದ್ರೆ ಜಾಹೀರಾತು: "ಮನೆಯಲ್ಲೇ ಕೂತು ಆನ್‌ಲೈನ್ ಪಿಎಚ್‌ಡಿ, ವಿದೇಶಿ ವಿಶ್ವವಿದ್ಯಾಲಯದ ಸಹಯೋಗ." ನಮ್ಮ ದೇಶದಲ್ಲಿ ಆನ್‌ಲೈನ್ ಅಥವಾ ದೂರಶಿಕ್ಷಣದ ಪಿಎಚ್‌ಡಿಗೆ ಮಾನ್ಯತೆ ಇಲ್ಲ. ಯುಜಿಸಿ, ಎಐಸಿಟಿಇ ಸೇರಿ 2022ರಲ್ಲೇ ಎಚ್ಚರಿಕೆ ಕೊಟ್ಟಿವೆ. ಕೆಲಸ ಮಾಡ್ತಾ ಓದ್ಬೇಕು ಅಂದ್ರೆ ಪಾರ್ಟ್ ಟೈಮ್ ಪಿಎಚ್‌ಡಿ ಇದೆ, ಕೆಲಸದ ಕಡೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದು ಬೇರೆ, ಇದು ಬೇರೆ.

ಎರಡನೇ ಮೋಸ, "ಥೀಸಿಸ್ ಬರೆದುಕೊಡ್ತೀವಿ." ದುಡ್ಡು ಕೊಟ್ಟು ಬರೆಸಿದ ಪ್ರಬಂಧ ವೈವಾದಲ್ಲಿ ಒಂದೇ ಪ್ರಶ್ನೆಗೆ ಕುಸಿಯುತ್ತೆ. ಕದ್ದು ಬರೆದ್ರೂ ಅಷ್ಟೇ. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇ 10ರೊಳಗಿದ್ರೆ ದಂಡನೆ ಇಲ್ಲ. ಶೇ 10ರಿಂದ 40 ಆದ್ರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60 ಆದ್ರೆ ಒಂದು ವರ್ಷ ಸಲ್ಲಿಸೋ ಹಾಗಿಲ್ಲ. ಶೇ 60 ದಾಟಿದ್ರೆ ನೋಂದಣಿಯೇ ರದ್ದು.

ಮೂರನೇದು, ದುಡ್ಡು ತಗೊಂಡು ಏನು ಕೊಟ್ರೂ ಅಚ್ಚು ಹಾಕೋ ಜರ್ನಲ್‌ಗಳು. ಮೊದಲು ಪಿಎಚ್‌ಡಿ ಸಲ್ಲಿಸೋಕೆ ಲೇಖನ ಪ್ರಕಟಿಸಲೇಬೇಕು ಅಂತ ಯುಜಿಸಿ ಷರತ್ತಿತ್ತು. 2022ರ ನಿಯಮದಲ್ಲಿ ಆ ಷರತ್ತಿಲ್ಲ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟಿದ್ಯಾ ಅಂತ ನೋಡ್ಕೊಳ್ಳಿ, ಆತುರದಲ್ಲಿ ಸಾವಿರಾರು ರೂಪಾಯಿ ಕಳೀಬೇಡಿ.

ಫೋನಲ್ಲೇ ಇರೋ ಗ್ರಂಥಾಲಯ

'ಶೋಧಗಂಗಾ' ಅನ್ನೋ ತಾಣ ನೋಡಿದೀರಾ? ದೇಶದ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿವೆ. ನಿಮ್ಮ ವಿಷಯ ಟೈಪ್ ಮಾಡಿ, ಯಾರು ಏನು ಮಾಡಿದ್ದಾರೆ ನೋಡಿ. ನಿಮಗೆ ಬೇಕಾದ ಗೈಡ್ ಹೆಸರೂ ಅಲ್ಲೇ ಸಿಗುತ್ತೆ. ಇನ್ನೊಂದು, 'ಒಂದು ದೇಶ ಒಂದು ಚಂದಾ' ಯೋಜನೆ 2025ರ ಜನವರಿಯಿಂದ ಶುರುವಾಗಿದೆ. 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗಬೇಕು ಅನ್ನೋದು ಗುರಿ. ನಿಮ್ಮ ಕಾಲೇಜು ಅದರಲ್ಲಿದೆಯಾ ಅಂತ ಲೈಬ್ರೇರಿಯನ್ ಕೇಳಿ.

ಬ್ಯಾಕಪ್ ಬಗ್ಗೆ ಒಂದು ಮಾತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಟಿಪ್ಪಣಿ ಮಾಡ್ಕೊಂಡಿದ್ರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದ್ರು, 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್'. ಅದೊಂದು ಹೆಸರಾಂತ ಕೃತಿಯಾಯ್ತು. ಆದ್ರೆ ನಮ್ಮ ನೆನಪು ಶ್ರೀನಿವಾಸರದ್ದಲ್ಲ. ಲ್ಯಾಪ್‌ಟಾಪಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು, ಡ್ರೈವಲ್ಲಿ ಒಂದು. ಮೂರು ಪ್ರತಿ ಇರಲಿ.

ಎಲ್ಲರಿಗೂ ಪಿಎಚ್‌ಡಿ ಬೇಕಾ?

ಬೇಡ. 2023ರ ಜುಲೈನಲ್ಲಿ ಯುಜಿಸಿ ನಿಯಮ ತಿದ್ದಿ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ ಅಂತ ಹೇಳಿದೆ. ಪಾಠ ಮಾಡೋದೇ ನಿಮ್ಮ ಆಸೆ ಅಂದ್ರೆ ಪಿಜಿ ಮಾಡಿ, ನೆಟ್ ಅಥವಾ ಕೆ-ಸೆಟ್ ಪಾಸ್ ಮಾಡಿ. ಹೆಸರಿನ ಮುಂದೆ 'ಡಾ.' ಬರಲಿ ಅಂತ, ಅಥವಾ ಕೆಲಸ ಸಿಗೋವರೆಗೂ ಹಾಸ್ಟೆಲ್ ಇರುತ್ತೆ ಅಂತ ಪಿಎಚ್‌ಡಿ ಸೇರಿದ್ರೆ ಮೂರನೇ ವರ್ಷಕ್ಕೆ ಸುಸ್ತಾಗ್ತೀರಿ. ಒಂದು ಪ್ರಶ್ನೆ ನಿಮ್ಮನ್ನ ಸುಮ್ನೆ ಕೂರೋಕೆ ಬಿಡ್ತಿಲ್ಲ ಅಂದ್ರೆ ಸೇರಿ.

ಅದು ಗೊತ್ತಾಗೋದು ಹೇಗೆ? ಸಣ್ಣದಾಗಿ ಮಾಡಿ ನೋಡಿ. ಭಾರತೀಯ ವಿಜ್ಞಾನ ಅಕಾಡೆಮಿ ಬೇರೆ ಅಕಾಡೆಮಿಗಳ ಜೊತೆ ಸೇರಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತೆ. ಎರಡು ತಿಂಗಳು ಒಬ್ಬ ವಿಜ್ಞಾನಿ ಜೊತೆ ಕೆಲಸ. ಅದು ಆಗದಿದ್ರೆ ನಿಮ್ಮ ಪಿಜಿ ಪ್ರಾಜೆಕ್ಟನ್ನ ಝೆರಾಕ್ಸ್ ಅಂಗಡಿಯಿಂದ ತರಬೇಡಿ, ನೀವೇ ಮಾಡಿ. ಆ ಕೆಲಸ ಮಾಡುವಾಗ ಊಟ ಮರೆತ್ರಾ, ಇಲ್ಲ ಗಡಿಯಾರ ನೋಡ್ತಾ ಕೂತ್ರಾ? ಅದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.

ವಿಶ್ವವಿದ್ಯಾಲಯಗಳಿಗೆ ಒಂದು ಮಾತು

ಸಂಶೋಧನೆಗೆ ಪ್ರೋತ್ಸಾಹ ಅಂದ್ರೆ ವಿಚಾರ ಸಂಕಿರಣದ ಬ್ಯಾನರ್, ಶಾಲು, ಹಾರ ಅಷ್ಟೇ ಅಲ್ಲ. ಖಾಲಿ ಹುದ್ದೆ ತುಂಬಬೇಕು. ಫೆಲೋಶಿಪ್ ಸಮಯಕ್ಕೆ ಕೊಡಬೇಕು. ಯಾವ ಗೈಡ್ ಹತ್ರ ಎಷ್ಟು ಸೀಟು ಖಾಲಿ ಇದೆ ಅಂತ ವೆಬ್‌ಸೈಟ್‌ನಲ್ಲಿ ಹಾಕಬೇಕು. ಗ್ರಂಥಾಲಯ ರಾತ್ರಿ ತೆರೆದಿರಬೇಕು. ಡಿಗ್ರಿ ಕಾಲೇಜುಗಳಿಗೆ ಹೋಗಿ, "ನಮ್ಮಲ್ಲಿ ಈ ಕೆಲಸ ನಡೀತಿದೆ, ಬನ್ನಿ ನೋಡಿ" ಅಂತ ಕರೀಬೇಕು. ರಾಯಚೂರಿನ, ಚಾಮರಾಜನಗರದ ಹಳ್ಳಿಯಿಂದ ಬಂದು ಮನೆಯಲ್ಲಿ ಮೊದಲ ಸಲ ಪದವಿ ಪಡೆದ ಹುಡುಗಿಗೆ ಈ ಬಾಗಿಲುಗಳು ಇವೆ ಅನ್ನೋದೇ ಗೊತ್ತಿಲ್ಲ ಅಂದ್ರೆ, ಆಕೆ ಕೇಳಬಹುದಾಗಿದ್ದ ಪ್ರಶ್ನೆಯೂ ಆಕೆಯ ಜೊತೆಗೇ ಹೊರಗುಳಿಯುತ್ತೆ.

ಈ ವಾರ ನಿಮಗೆ ಇಷ್ಟೇ ಹೋಮ್‌ವರ್ಕ್: ಶೋಧಗಂಗಾದಲ್ಲಿ ನಿಮ್ಮ ಜಿಲ್ಲೆಯ ಹೆಸರು ಹಾಕಿ ಹುಡುಕಿ. ನಿಮ್ಮೂರಿನ ಬಗ್ಗೆ ಯಾರೋ ಏನೋ ಬರೆದಿರ್ತಾರೆ. ಓದಿ. ಓದ್ತಾ "ಅಯ್ಯೋ, ಇದನ್ನ ಇವರು ಕೇಳೇ ಇಲ್ವಲ್ಲ" ಅಂತ ಅನ್ನಿಸಿದ ಜಾಗದಲ್ಲಿ ಒಂದು ಗೆರೆ ಎಳೀರಿ. ಶುರು ಮಾಡೋಕೆ ಅಷ್ಟು ಸಾಕು.

ಡಿಗ್ರಿ ಮುಗಿಸ್ತಿರೋ ಸ್ನೇಹಿತರಿಗೆ ಈ ಸಂಚಿಕೆ ಕಳಿಸಿ. ಮನೆಯಲ್ಲಿ ಅಪ್ಪ ಅಮ್ಮನಿಗೂ ಕೇಳಿಸಿ.